ಒಂದೇ ಬಾಕ್ಸಿನ ಎರಡು ಮನೆ

ಕೇಬಲ್ಲಿನ ಹಾಲೇಶ ಬಾಕ್ಸು ತಂದ ದಿನ ನಂದೀಶ್ವರಯ್ಯನವರ ನಡುಮನೆ ತುಂಬ ಹುಣಸೆಹಣ್ಣು ಹರಡಿತ್ತು. ಕಾಲಿಡಲು ಜಾಗವಿರಲಿಲ್ಲ. ಅವನು ಹೊಸ್ತಿಲಲ್ಲೇ ನಿಂತು ಹೇಳಿದ.

"ಅಮ್ಮಾ, ನಾಳೆಯಿಂದ ಹಳೇ ಲೈನು ಬಂದ್. ಬಾಕ್ಸ್ ಇಲ್ದಿದ್ರೆ ಟೀವಿ ಮುಂದೆ ಕುಂತು ಭಜನೆ ಮಾಡ್ಬೇಕು ಅಷ್ಟೆ."

"ಇಷ್ಟ್ ದಿನ ಬಾಕ್ಸ್ ಇಲ್ದೇನೇ ಬರ್ತಿತ್ತಲ್ಲೋ," ಎಂದರು ಅವರ ಹೆಂಡತಿ ಕಮಲಾಕ್ಷಮ್ಮ, ಬೀಜ ಬಿಡಿಸುವ ಸುತ್ತಿಗೆಯನ್ನು ಕೆಳಗಿಡದೆ.

"ಈಗೆಲ್ಲಾ ಡಿಜಿಟಲ್ಲು ಕಣಮ್ಮ. ಚಿತ್ರ ಕನ್ನಡಿ ಇದ್ದಂಗ್ ಬರ್ತದೆ."

"ಬರ್ಲಿ ಬುಡು. ಪಕ್ಕದ ಮನೆಗೆ ಹೆಂಗೆ?"

ಶಿರಾದ ಕೋಟೆ ಪಕ್ಕದ ಆ ಬೀದಿಯಲ್ಲಿ ಎರಡೆರಡು ಮನೆಗೆ ಒಂದೇ ಗೋಡೆ. ಈಚೆ ನಂದೀಶ್ವರಯ್ಯ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಆಚೆ ಖಾಜಾಬಿ. ಅವಳ ಗಂಡ ಜಹೀರ್ ಅಹಮದ್ ಇದ್ದಾಗ ಇಬ್ಬರು ಗಂಡಸರೂ ಸೇರಿ ಗೋಡೆಗೆ ತೂತು ಕೊರೆದು, ಒಂದೇ ಕೇಬಲ್ಲನ್ನು ಎರಡೂ ಮನೆಗೆ ಎಳೆದುಕೊಂಡಿದ್ದರು. ಬಾಡಿಗೆ ಅರ್ಧ ಅರ್ಧ. ಜಹೀರ್ ತೀರಿಕೊಂಡ ಮೇಲೂ ತೂತು ಹಾಗೇ ಇತ್ತು, ಅರ್ಧ ಬಾಡಿಗೆಯೂ ತಪ್ಪದೆ ಬರುತ್ತಿತ್ತು.

"ಅವ್ರೂ ಒಂದು ಬಾಕ್ಸ್ ತಗೋಬೇಕು," ಎಂದ ಹಾಲೇಶ. "ಆದ್ರೆ ಅತೀಕಣ್ಣ ಬ್ಯಾಡ ಅಂದ್ರು. ಮನೇಲಿ ಎಲ್ರ ಕೈಯಾಗೂ ಮೊಬೈಲ್ ಐತಂತೆ."

ಅತೀಕ್ ಖಾಜಾಬಿಯ ಮಗ. ಬಸ್ ಸ್ಟ್ಯಾಂಡ್ ಹತ್ತಿರ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ.

"ಖಾಜಾಬಿ ಮೊಬೈಲಲ್ಲಿ ಏನ್ ನೋಡ್ತಾಳೋ? ಅವ್ಳಿಗೆ ತಟ್ಟೇಲಿರೋ ಅನ್ನದ ಕಲ್ಲೇ ಕಾಣ್ಸಲ್ಲ," ಎಂದರು ಕಮಲಾಕ್ಷಮ್ಮ. "ಏನಾರ ಮಾಡೋ. ಕಾಫಿ ಕೊಡ್ತೀನಿ."

ಹಾಲೇಶ ಕಾಫಿ ಕುಡಿದು ಏನಾದರೂ ಮಾಡಿದ. ಬಾಕ್ಸಿನ ಹಿಂಬದಿಯಿಂದ ಇನ್ನೊಂದು ವೈರು ತೆಗೆದು ಹಳೇ ತೂತಿನಲ್ಲಿ ಆಚೆಗೆ ತೂರಿಸಿದ. "ಒಂದ್ ಮಾತು. ಇನ್ಮೇಲೆ ಇಲ್ಲಿ ಏನ್ ಹಾಕ್ತೀರೋ ಅಲ್ಲೂ ಅದೇ ಬರೋದು. ರಿಮೋಟು ಮಾತ್ರ ನಿಮ್ದೇ," ಎಂದು ಹೊರಟ.

ಕಮಲಾಕ್ಷಮ್ಮನಿಗೆ ಅಷ್ಟು ಸಾಕಾಗಿತ್ತು. ಖಾಜಾಬಿಯ ಮಗಳು ಬುಷ್ರಾಳ ಗಂಡ ಹೋದ ವರ್ಷ ಹೆದ್ದಾರಿಯಲ್ಲಿ ಲಾರಿ ಮಗುಚಿ ಹೋಗಿಬಿಟ್ಟಿದ್ದ. ಅವಳು ಮಧುಗಿರಿಯಿಂದ ತಾಯಿಯ ಮನೆಗೆ ಬಂದು, ಹುಣಸೆಹಣ್ಣಿನ ಬುಟ್ಟಿಯ ಮುಂದೆ ಕುಳಿತವಳು ಕುಳಿತೇ ಇದ್ದಳು. ಮಾತಿಲ್ಲ. ಎಂಟು ಗಂಟೆಗೆ ಬರುವ ಧಾರಾವಾಹಿಯ ಹೊತ್ತಿನಲ್ಲಿ ಮಾತ್ರ, ಪರದೆಯ ಕಡೆ ನೋಡುತ್ತಾ, ತಟ್ಟೆಯಲ್ಲಿ ಹಾಕಿದ್ದನ್ನು ಪೂರ್ತಿ ತಿನ್ನುತ್ತಾಳೆ ಎಂದು ಖಾಜಾಬಿ ಹೇಳಿದ್ದಳು. ಉಳಿದ ಹೊತ್ತಿನ ತಟ್ಟೆ ಹಾಕಿದ ಹಾಗೇ ಹಿಂದಕ್ಕೆ ಬರುತ್ತಿತ್ತು.

ಮೊದಲ ವಾರ ಎಲ್ಲರೂ ಖುಷಿಯಾಗಿದ್ದರು. ನಂದೀಶ್ವರಯ್ಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಯಾವುದೋ ಊರಿನ ಲಿಂಗಕ್ಕೆ ಆಗುವ ಅಭಿಷೇಕ ನೋಡುತ್ತಿದ್ದರು. ಅದು ಆಚೆ ಮನೆಯಲ್ಲೂ ಆಗುತ್ತಿತ್ತು.

"ಖಾಜಾಬಿ, ನಿಮ್ಗೇನೂ ಬೇಜಾರಿಲ್ವಾ?" ಎಂದು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಕೇಳಿದಳು ಕಮಲಾಕ್ಷಮ್ಮನ ಸೊಸೆ ಪುಷ್ಪಾವತಿ.

"ಬೇಜಾರ್ ಯಾಕಮ್ಮಾ? ಅಷ್ಟು ಹಾಲು, ಮೊಸರು, ತುಪ್ಪ. ನೋಡಿದ್ರೇನೇ ಹೊಟ್ಟೆ ತುಂಬ್ತದೆ. ನಮ್ಮ ಅತೀಕ್ ಮಾತ್ರ, ದಿನಾ ಇಷ್ಟು ಹಾಲು ಎಲ್ಲಿಂದ ತರ್ತಾರೆ ಅಂತ ಲೆಕ್ಕ ಹಾಕ್ತಾನೆ."

ತೊಂದರೆ ಶುರುವಾದದ್ದು ರಾತ್ರಿ ಊಟದ ಹೊತ್ತಿನಲ್ಲಿ. ಎಂಟೂವರೆಗೆ ಧಾರಾವಾಹಿ ಮುಗಿಯುತ್ತಿತ್ತು. ಆಮೇಲೆ ನಂದೀಶ್ವರಯ್ಯನಿಗೆ ವಾರ್ತೆ. ಪುಷ್ಪಾವತಿಗೆ ಡ್ಯಾನ್ಸ್ ಸ್ಪರ್ಧೆ. ಮುಂಚೆಯೂ ಇಬ್ಬರಿಗೂ ಇದರಲ್ಲಿ ಸರಿ ಬರುತ್ತಿರಲಿಲ್ಲ. ಆಗ ಜಗಳ ಮನೆಯೊಳಗೇ ಮುಗಿಯುತ್ತಿತ್ತು.

"ಮಾವ, ಇವತ್ತು ಫೈನಲ್ಲು."

"ಹೋದ್ ವಾರಾನೂ ಫೈನಲ್ಲೇ ಇತ್ತಲ್ಲಮ್ಮ."

"ಅದು ಸೆಮಿ ಫೈನಲ್ಲು."

"ಅಂಗಾದ್ರೆ ನೀನು ಫೈನಲ್ ನೋಡು, ನಾನು ದೇಶ ಏನಾಯ್ತು ಅಂತ ನೋಡ್ತೀನಿ. ಐದ್ ನಿಮಿಷ."

ಅವರು ವಾರ್ತೆ ಹಾಕಿದರು. ಮುದ್ದೆ ಬಡಿಸಲು ಬಂದವಳು ರಿಮೋಟು ಎತ್ತಿಕೊಂಡು ಡ್ಯಾನ್ಸ್ ಹಾಕಿದಳು. ಸಾರು ತರಲು ಅವಳು ಒಳಗೆ ಹೋದಾಗ ಮತ್ತೆ ವಾರ್ತೆ. ತುಪ್ಪ ತಂದಾಗ ಡ್ಯಾನ್ಸ್. ಮಗ ರೇಣುಕಪ್ರಸಾದ ತಟ್ಟೆಯಿಂದ ತಲೆ ಎತ್ತಲಿಲ್ಲ. ಪುನಃ ವಾರ್ತೆ ಬಂದಾಗ ಗೋಡೆಯ ತೂತಿನಿಂದ ಖಾಜಾಬಿಯ ದನಿ ಕೇಳಿಸಿತು.

"ಕಮಲಕ್ಕ, ಯಜಮಾನ್ರಿಗೂ ಸೊಸೆಗೂ ಹತ್ಕೊಂತಾ?"

ಪುಷ್ಪಾವತಿಯ ಕೈಯಲ್ಲಿದ್ದ ತುಪ್ಪದ ಚಮಚ ತಟ್ಟೆಯ ಮೇಲೇ ನಿಂತಿತು.

"ಇವ್ರಿಗೆ ಹೆಂಗ್ ಗೊತ್ತಾಯ್ತು?" ಎಂದಳು ಪಿಸುದನಿಯಲ್ಲಿ.

"ಅವ್ರ ಟೀವೀಲೂ ಅಂಗೇ ಕುಣೀತಿರ್ತದೆ," ಎಂದು ಕಮಲಾಕ್ಷಮ್ಮ ಹುಣಸೆಬೀಜ ಆಯುತ್ತಲೇ ಹೇಳಿದರು. "ಸೌಂಡ್ ಏರ್ಸಿದ್ರೂ ಗೆರೆ ಕಾಣ್ತದಂತೆ. ಮೊನ್ನೆ ನೀನು ಸಿಟ್ಟಲ್ಲಿ ಏರ್ಸಿದ್ಯಲ್ಲ, ಯಾಕೆ ಅಂತ ಕೇಳ್ತಿದ್ಲು."

"ನೀವೇನ್ ಅಂದ್ರಿ?"

"ಸೊಸೆಗೆ ಕಿವಿ ಸ್ವಲ್ಪ ಮಂದ ಅಂದೆ."

ಅಂದಿನಿಂದ ಆ ಮನೆಯಲ್ಲಿ ಜಗಳ ಶಿಸ್ತಿಗೆ ಬಂತು. ಒಂದು ದಿನ ವಾರ್ತೆ, ಒಂದು ದಿನ ಡ್ಯಾನ್ಸ್. ರಿಮೋಟು ಕಿತ್ತುಕೊಳ್ಳಬೇಕು ಅನ್ನಿಸಿದಾಗ ನಂದೀಶ್ವರಯ್ಯ ಗೋಡೆಯ ಕಡೆ ನೋಡಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಆದರೆ ರೇಣುಕಪ್ರಸಾದನ ಜಗಳವೇ ಬೇರೆ. ಅವನದು ಮೋಟಾರು ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಹುಲಿಕುಂಟೆ, ತಾವರೆಕೆರೆ ಕಡೆಯಿಂದ ಸುಟ್ಟ ಮೋಟಾರುಗಳು ಸಾಲುಗಟ್ಟಿ ಬರುತ್ತಿದ್ದವು. ಒಂದು ಸಂಜೆ ದಣಿದು ಬಂದವನಿಗೆ ಸಾರಿನಲ್ಲಿ ಉಪ್ಪಿರಲಿಲ್ಲ. ಒಂದಕ್ಕೊಂದು ಮಾತು ಬೆಳೆಯಿತು. ಹೆಂಡತಿಯ ಕಡೆ ನೋಡಿಕೊಂಡೇ ಅವನು ಬಾಕ್ಸಿನ ಸ್ವಿಚ್ಚು ಆರಿಸಿ, ಉಣ್ಣದೆ ಎದ್ದುಹೋದ.

ಮರುದಿನ ಅತೀಕ್ ಅವನ ಅಂಗಡಿಗೆ ಬಂದ. ರೈತರು ನಾಲ್ಕೈದು ಜನ ಬೆಂಚಿನ ಮೇಲೆ ಕಾಯುತ್ತಿದ್ದರು.

"ಏನ್ ಪ್ರಸಾದ್ ಭಾಯ್, ನೆನ್ನೆ ಬಾಕ್ಸೇ ಆಫ್ ಆಗೋಯ್ತು? ಯಾರು ಉಪವಾಸ ಮಲಗಿದ್ದು?"

"ಕರೆಂಟ್ ಹೋಗಿತ್ತು."

"ನಮ್ಮನೇಲಿ ಫ್ಯಾನ್ ತಿರುಗ್ತಾ ಇತ್ತಲ್ಲ!"

ಬೆಂಚಿನವರು ನಕ್ಕರು. ಅತೀಕ್ ಕೆಟ್ಟದ್ದಕ್ಕೆ ಹೇಳಿರಲಿಲ್ಲ. ಇಬ್ಬರೂ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು. ಆದರೂ ರೇಣುಕಪ್ರಸಾದನ ಕಿವಿ ಕೆಂಪಾಯಿತು. ಮಧ್ಯಾಹ್ನ ಊಟಕ್ಕೆ ಬಂದಾಗ ಅವನ ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇತ್ತು.

"ಏನ್ಲಾ ಮಾಡ್ತಿದೀಯಾ?" ಎಂದರು ಕಮಲಾಕ್ಷಮ್ಮ.

"ನಮ್ಮನೇದು ನಮ್ಮನೇಲಿ ಇರ್ಲಿ ಅಮ್ಮ. ಊರಿಗೆಲ್ಲಾ ತೋರ್ಸೋಕೆ ನಾವೇನ್ ಚಾನೆಲ್ ಇಟ್ಟಿದೀವಾ?"

"ಆ ಹುಡ್ಗಿ ಆ ಹೊತ್ನಾಗೇ ಕಣ್ಲಾ ಎರಡು ತುತ್ತು ತಿನ್ನೋದು."

"ಟೀವಿಗೂ ಊಟಕ್ಕೂ ಏನಮ್ಮ ಸಂಬಂಧ? ಅತೀಕ್ ಒಂದು ಬಾಕ್ಸ್ ಹಾಕ್ಸಿದ್ರಾಯ್ತು. ಅಂಗಡೀಲಿ ಕುಂತು ನನ್ನ ಹಾಸ್ಯ ಮಾಡಕ್ಕೆ ಬರ್ತದಲ್ಲ."

ಟಕ್ ಎಂದಿತು. ವೈರಿನ ತುಂಡನ್ನು ತೂತಿನಿಂದ ಎಳೆದು, ಸುತ್ತಿ, ಜೇಬಿಗೆ ಹಾಕಿಕೊಂಡ. ಕಮಲಾಕ್ಷಮ್ಮ ಅವನಿಗೆ ಅನ್ನ ಬಡಿಸಿದರು. ಮಜ್ಜಿಗೆ ಬಡಿಸಲಿಲ್ಲ.

ಆ ಸಂಜೆ ಎಂಟು ಗಂಟೆಗೆ ಅವರು ಹುಣಸೆಹಣ್ಣಿನ ಬುಟ್ಟಿಯನ್ನು ಗೋಡೆಯ ಬುಡಕ್ಕೇ ಎಳೆದುಕೊಂಡು ಕೂತರು. ಟೀವಿಯ ಸೌಂಡು ಪೂರ್ತಿ ಏರಿಸಿದರು. ಎದುರು ಮನೆಯ ದಾಸಮ್ಮ ಓಡಿ ಬಂದು, "ಯಾರಿಗೇನಾಯ್ತು ಕಮಲಕ್ಕ?" ಎಂದಳು. ನಂದೀಶ್ವರಯ್ಯ ಎರಡೂ ಕಿವಿಗೆ ಟವೆಲ್ ಸುತ್ತಿಕೊಂಡರು.

"ಖಾಜಾಬಿಗೆ ಕೇಳ್ಲಿ ಅಂತ," ಎಂದರು ಕಮಲಾಕ್ಷಮ್ಮ.

"ಖಾಜಾಬಿಗೇನು, ಬುಕ್ಕಾಪಟ್ಟಣಕ್ಕೂ ಕೇಳ್ತದೆ. ಕಮ್ಮಿ ಮಾಡೆ ಮಾರಾಯ್ತಿ."

ಕಮ್ಮಿ ಮಾಡಿದರು. ಆಮೇಲೆ ಸುತ್ತಿಗೆ ಎತ್ತಿಕೊಂಡು ಗೋಡೆಯ ತೂತನ್ನು ಕುಟ್ಟತೊಡಗಿದರು. ಗಾರೆ ಉದುರಿತು. ತೂತು ಅಂಗೈ ತೂರುವಷ್ಟಾಯಿತು. ನಂದೀಶ್ವರಯ್ಯ ಏನೋ ಹೇಳಲು ಬಾಯಿ ತೆರೆದರು. ಹೆಂಡತಿಯ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು. ಬಾಯಿ ಮುಚ್ಚಿಕೊಂಡರು.

"ಖಾಜಾಬೀ, ಕೇಳ್ತದಾ?"

"ಯಾ ಅಲ್ಲಾ! ಇಲಿ ಬಂತು ಅಂತ ಪೊರಕೆ ತಗೊಂಡೆ. ಹೇಳು ಕಮಲಕ್ಕ."

"ಕಥೆ ಹೇಳ್ತೀನಿ, ಕುಂತ್ಕೋ. ಬುಷ್ರಾನ್ನೂ ಕೂರ್ಸು. ತಟ್ಟೆ ಹಾಕಿದ್ಯಾ?"

"ಹಾಕ್ದೆ."

ಧಾರಾವಾಹಿಯ ನಾಯಕಿ ಲೋಹಿತಾ. ಅವಳ ಗಂಡ ಅಪಘಾತದಲ್ಲಿ ಸತ್ತು ತಿಂಗಳುಗಳೇ ಆಗಿದ್ದವು. ಅತ್ತೆ ಅವಳನ್ನು ದೊಡ್ಡ ಬಂಗಲೆಯ ಹಿಂದಿನ ರೂಮಿಗೆ ತಳ್ಳಿದ್ದಳು.

"ಏನ್ ಮಾಡ್ತಾವ್ಳೆ?" ಎಂದು ಕೇಳಿತು ತೂತು.

"ಅಳ್ತಾವ್ಳೆ."

ಸ್ವಲ್ಪ ಹೊತ್ತು ಕಳೆಯಿತು.

"ಈಗ?"

"ಈಗ್ಲೂ ಅಳ್ತಾವ್ಳೆ. ಅತ್ತೆ ಬಂದ್ಲು. ಬೈದ್ಲು. ಹೋದ್ಲು. ಅಳ್ತಾವ್ಳೆ."

ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ, "ಈಗ?" ಎಂದು ಖಾಜಾಬಿ ಕೇಳಿದಾಗ ಕಮಲಾಕ್ಷಮ್ಮ ತೂತಿಗೆ ಕಿವಿ ಹಚ್ಚಿದರು. ಪರದೆಯ ಮೇಲೆ ಲೋಹಿತಾ ಮೊಣಕಾಲಿಗೆ ಮುಖ ಒತ್ತಿಕೊಂಡು ಕುಳಿತಿದ್ದಳು. ತೂತಿನಾಚೆ ಬೀಜ ಬಿಡಿಸುವ ಸದ್ದು ಬರುತ್ತಿತ್ತು, ಒಂದೇ ಸಮನೆ. ತಟ್ಟೆಯ ಸದ್ದಿರಲಿಲ್ಲ.

"ಎದ್ಲು," ಎಂದರು ಕಮಲಾಕ್ಷಮ್ಮ.

ಅಡುಗೆಮನೆಯಲ್ಲಿದ್ದ ಪುಷ್ಪಾವತಿ ಬಾಗಿಲಿಗೆ ಬಂದು ಟೀವಿ ನೋಡಿದಳು. ಲೋಹಿತಾ ಎದ್ದಿರಲಿಲ್ಲ.

"ಎದ್ದು?" ಎಂದಳು ಖಾಜಾಬಿ.

"ಎದ್ದು ಮುಖ ತೊಳ್ಕೊಂಡ್ಲು. ತಲೆ ಬಾಚ್ಕೊಂಡ್ಲು. ಬ್ಯಾಗ್ ತಗೊಂಡ್ಲು. ಅತ್ತೆ ಎಲ್ಲಿಗೇ ಅಂದ್ಲು. ಬಸ್ ಸ್ಟ್ಯಾಂಡಿಗೆ ಅಂದ್ಲು."

"ಅಬ್ಬಬ್ಬಾ! ಅಷ್ಟು ಧೈರ್ಯ ಬಂತಾ?"

"ಬಂತು. ಪಾವಗಡದ ಬಸ್ ಹತ್ತಿದ್ಲು."

ಕಮಲಾಕ್ಷಮ್ಮನ ತವರು ಪಾವಗಡ. ಬೇರೆ ಊರು ಅವರಿಗೆ ಹೊಳೆಯಲಿಲ್ಲ.

"ಯಾವ ಬಸ್ಸು?" ಎಂದು ಇತ್ತ ತಿರುಗಿ ಕೇಳಿದರು ನಂದೀಶ್ವರಯ್ಯ. "ಬೆಂಗಳೂರಿಂದಾನಾ? ಅಂಗಾದ್ರೆ ಕೊರಟಗೆರೆ, ಮಧುಗಿರಿ ಮೇಲೆ ಹೋಗ್ಬೇಕು. ಸುಮ್ನೆ ಹತ್ತಿದ್ಲು ಅಂದ್ರೆ ಆಯ್ತಾ?"

"ಮಧುಗಿರಿ ಮೇಲೇ ಹೋದ್ಲು ಬುಡ್ರೀ."

"ಟಿಕೆಟ್ ತಗೊಂಡ್ಲಾ?"

"ಕಂಡಕ್ಟರ್ ಒಳ್ಳೆಯೋನು. ಚಿಲ್ಲರೆ ಇಲ್ಲ ಅಂತ ಬೈಲಿಲ್ಲ."

ಆಚೆಯಿಂದ ಖಾಜಾಬಿ ನಕ್ಕಳು. ಆ ನಗು ಮುಗಿದ ಮೇಲೆ ಒಂದು ಸಣ್ಣ ಸದ್ದು ಕೇಳಿಸಿತು. ಉಗುರು ತಟ್ಟೆಗೆ ತಗುಲಿದ ಸದ್ದು.

ಅಂದಿನಿಂದ ಟೀವಿ ಒಂದು ಕಡೆ, ಲೋಹಿತಾ ಇನ್ನೊಂದು ಕಡೆ. ಮಧುಗಿರಿಯಲ್ಲಿ ಅವಳ ಬಸ್ಸು ಕೆಟ್ಟು ನಿಂತಿತು. ಅವಳು ಪಾವಗಡದಲ್ಲಿ ಚಿಕ್ಕಿ ಅಂಗಡಿ ಇಡಬೇಕೆಂದು ತೀರ್ಮಾನವಾಯಿತು, ಕಡ್ಲೆಕಾಯಿ ಅಲ್ಲೇ ಸಿಗುತ್ತದೆಂದು. ಬೆಲ್ಲ ಎಲ್ಲಿಂದ ಎಂಬುದರ ಮೇಲೆ ಅತ್ತೆ ಸೊಸೆಗೆ ಜೋರು ವಾದವಾಯಿತು. ಪುಷ್ಪಾವತಿಯ ತವರು ಕೊರಟಗೆರೆ.

"ನಮ್ಮೂರ್ ಸಂತೇಲಿ ಬೆಲ್ಲ ಬಂಗಾರ ಇದ್ದಂಗಿರ್ತದೆ ಅತ್ತೆ."

"ಬಂಗಾರ ಇದ್ದಂಗಿದ್ರೆ ಅದ್ರಾಗೆ ಔಷ್ದಿ ಐತೆ ಅಂತ ಅರ್ಥ. ಕಪ್ಪಗಿರೋದು ತರ್ಲಿ."

"ನೀವು ನಮ್ಮೂರಿಂದ ಬಂದದ್ದು ಯಾವ್ದನ್ನ ಒಪ್ಪಿದೀರಾ?"

"ನಿನ್ನ ಒಪ್ಕೊಂಡಿಲ್ವೇನೇ? ಆಯ್ತು ಬುಡು, ಅಲ್ಲೇ ತರ್ತಾಳೆ."

ವಾರ್ತೆಯ ಹೊತ್ತು ಮೀರಿದ್ದನ್ನು ನಂದೀಶ್ವರಯ್ಯ ಗಮನಿಸಲಿಲ್ಲ. ಎಷ್ಟೋ ಸಲ ಅಂಗಡಿಯ ಬೋರ್ಡು ಯಾವ ಬಣ್ಣದ್ದಿರಬೇಕು ಎಂದು ಅವರೇ ಕೇಳುತ್ತಿದ್ದರು. ಹೈಸ್ಕೂಲಿನ ಮೊಮ್ಮಗಳು ಚೈತ್ರ ಪುಸ್ತಕ ಹಿಡಿದುಕೊಂಡೇ ನಡುಮನೆಗೆ ಬಂದು ಕೂರುತ್ತಿದ್ದಳು. ಓದುತ್ತಿರಲಿಲ್ಲ. ಮುದ್ದೆ ತಣ್ಣಗಾಗುತ್ತಿತ್ತು.

ರೇಣುಕಪ್ರಸಾದ ಇದೆಲ್ಲ ನೋಡಿಯೂ ನೋಡದಂತಿದ್ದ. ಅಂಗಡಿಯಿಂದ ತಡವಾಗಿ ಬರುತ್ತಿದ್ದ. ಒಂದು ದಿನ ಬೇಗ ಬಂದವನು ಚಪ್ಪಲಿ ಬಿಡುತ್ತಾ ತಾಯಿಯ ದನಿ ಕೇಳಿ ಜಗಲಿಯಲ್ಲೇ ನಿಂತ.

"ಲೋಹಿತಾ ಮಾಡಿದ ಚಿಕ್ಕಿ ಹಲ್ಲಿಗೆ ಅಂಟ್ಕೋತಿತ್ತು, ಅದಿರ್ಲಿ. ಅವ್ಳ ಅತ್ತೆಗೆ ಒಬ್ಬ ಹಿರೀ ಮಗ ಅವ್ನೆ, ಖಾಜಾಬಿ. ಇಷ್ಟ್ ದಿನ ಊರಲ್ಲಿರ್ಲಿಲ್ಲ. ಈಗ ಬಂದವ್ನೆ."

"ಏನ್ ಕೆಲ್ಸ?"

"ಮೋಟ್ರು ರಿಪೇರಿ. ಒಳ್ಳೆ ಕೆಲಸಗಾರ. ಆದ್ರೆ ಮುಂಗೋಪ. ಸಾರಿಗೆ ಉಪ್ಪಿಲ್ಲ ಅಂದ್ರೆ ಲೈಟ್ ಆರ್ಸ್ತಾನೆ. ಕೈಗೆ ಕಟಿಂಗ್ ಪ್ಲೇಯರ್ ಸಿಕ್ರೆ ಮುಗೀತು, ಬಟ್ಟೆ ಒಣಗ್ಸೋ ತಂತೀನೂ ಬುಡಲ್ಲ. ನೆನ್ನೆ ಅವ್ನ ಲುಂಗಿ ಇದ್ದ ತಂತೀನೇ ಕತ್ತರ್ಸ್ಬುಟ್ಟು, ಲುಂಗಿ ಹೋಗಿ ಕೊಚ್ಚೇಲಿ ಬಿತ್ತು."

ರೇಣುಕಪ್ರಸಾದ ಕಿಟಕಿಯಿಂದ ಟೀವಿ ನೋಡಿದ. ಅಲ್ಲಿ ಲುಂಗಿಯವನು ಯಾರೂ ಇರಲಿಲ್ಲ. ಅವನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಗೋಡೆಯಾಚೆ ಖಾಜಾಬಿ ಕೆಮ್ಮು ಬರುವಷ್ಟು ನಗುತ್ತಿದ್ದಳು.

ಅದರ ಜೊತೆಗೆ ಇನ್ನೊಂದು ನಗು ಇತ್ತು. ತೆಳ್ಳಗೆ, ಮೂಗಿನಿಂದ. ಕಮಲಾಕ್ಷಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅಷ್ಟರಲ್ಲಿ ಅದು ನಿಂತಿತ್ತು.

ರೇಣುಕಪ್ರಸಾದನಿಗೂ ಅದು ಕೇಳಿಸಿತು. ಗೋಲಿ ಸೋತಾಗ ಅವನನ್ನೂ ಅತೀಕನನ್ನೂ ನೋಡಿ ಜಗಲಿಯ ಮೇಲೆ ಕೂತು ನಗುತ್ತಿದ್ದ ಚಿಕ್ಕ ಹುಡುಗಿಯ ನಗು. ಅವನು ಒಳಗೆ ಬಂದು ಕೈಕಾಲು ತೊಳೆದು ಉಂಡ. ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು. ಚೆನ್ನಾಗಿದೆ ಎಂದ.

ಮರುದಿನ ಸಂಜೆ ಅವನು ಹೊಸ ವೈರಿನ ಸುರುಳಿ ತಂದ. ಜೊತೆಯಲ್ಲಿ ಅತೀಕ್ ಇದ್ದ, ಕೈಯಲ್ಲಿ ಏಣಿ.

"ಇವತ್ತೇನು ಇಬ್ರೂ ಒಟ್ಟಿಗೆ?" ಎಂದರು ನಂದೀಶ್ವರಯ್ಯ.

"ವೈರ್ ಎಳೀತೀವಿ ಅಪ್ಪ. ಚಾನೆಲ್ ಬದಲಾಯ್ಸಿದ್ದು ಕಂಡ್ರೆ ಕಾಣ್ಲಿ. ಅಮ್ಮ ಬಾಯಲ್ಲಿ ಹೇಳೋದಕ್ಕಿಂತ ಅದೇ ವಾಸಿ."

"ಲುಂಗಿ ಸಿಕ್ತಾ ಭಾಯ್?" ಎಂದ ಅತೀಕ್.

"ಸುಮ್ನೆ ಏಣಿ ಹಿಡ್ಕೊಳ್ಳೋ."

ಎಂಟು ಗಂಟೆಯೊಳಗೆ ಕೆಲಸ ಮುಗಿಯಿತು. ಪುಷ್ಪಾವತಿ ಅತೀಕನಿಗೂ ಕಾಫಿ ಕೊಟ್ಟಳು. ಎರಡೂ ಮನೆಯಲ್ಲಿ ಒಂದೇ ಸಲ ಧಾರಾವಾಹಿಯ ಹಾಡು ಮೊಳಗಿತು.

"ಬಂತು ಬಂತು!" ಎಂದಳು ಖಾಜಾಬಿ. "ಕನ್ನಡಿ ಇದ್ದಂಗೈತೆ. ನಿನ್ನ ಹೊಟ್ಟೆ ತಣ್ಣಗಿರ್ಲಿ ಪ್ರಸಾದಪ್ಪ."

ರೇಣುಕಪ್ರಸಾದ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ತಾಯಿ ಮೆಚ್ಚಿ ಒಂದು ಮಾತಾಡುತ್ತಾರೆಂದು ಅವರ ಕಡೆ ನೋಡಿದ. ಕಮಲಾಕ್ಷಮ್ಮನ ಮುಖ ಬಿಳಿಚಿಕೊಂಡಿತ್ತು.

ಹಾಡು ಮುಗಿಯಿತು. ಜಾಹೀರಾತು ಮುಗಿಯಿತು. ಪರದೆಯ ಮೇಲೆ ಹಿಂದಿನ ರೂಮು ಕಂಡಿತು. ಅದೇ ಮಂಚ. ಅದೇ ಸೀರೆ. ಆಮೇಲೆ ಖಾಜಾಬಿಯ ದನಿ ಬಂತು, ನಿಧಾನವಾಗಿ.

"ಕಮಲಕ್ಕ."

"ಹೂಂ."

"ಇವ್ಳು ಇನ್ನೂ ಇಲ್ಲೇ ಕುಂತು ಅಳ್ತಾವ್ಳಲ್ಲ!"

ನಂದೀಶ್ವರಯ್ಯ ಕೆಮ್ಮಿದರು. ಪುಷ್ಪಾವತಿ ಅಡುಗೆಮನೆಗೆ ಹೋದಂತೆ ಮಾಡಿ ಬಾಗಿಲಲ್ಲೇ ನಿಂತಳು.

"ಪಾವಗಡ ಎಲ್ಲೋಯ್ತು? ಅಂಗಡಿ? ಮಧುಗಿರೀಲಿ ಬಸ್ ಕೆಟ್ಟು ನಿಂತಿದ್ದು? ಮೋಟ್ರು ರಿಪೇರಿಯೋನು ಎಲ್ಲಿ?"

"ಅದೂ... ಖಾಜಾಬಿ... ಇದು ಹಿಂದಿಂದು ತೋರಿಸ್ತಾವ್ರೆ ಅನ್ಸುತ್ತೆ," ಎಂದರು ಕಮಲಾಕ್ಷಮ್ಮ.

"ಅಜ್ಜಿ, ಸುಳ್ಳು," ಎಂದಳು ಚೈತ್ರ.

ಲೋಹಿತಾ ಎರಡೂ ಮನೆಗಳಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಕಮಲಾಕ್ಷಮ್ಮ ಸುತ್ತಿಗೆಯನ್ನು ಕೈಯಲ್ಲಿ ಹಿಡಿದೇ ಕುಳಿತರು. ಅಂಗೈಯಷ್ಟಗಲದ ತೂತಿನಲ್ಲಿ ಹೊಸ ವೈರು ಒಂದು ಮೂಲೆಗೆ ಒತ್ತಿಕೊಂಡಿತ್ತು. ಉಳಿದ ಜಾಗ ಖಾಲಿ ಇತ್ತು. ಅಲ್ಲಿಂದ ಬೇರೆ ದನಿಯೊಂದು ಬಂತು. ಬಹಳ ದಿನ ಬಳಸದೆ ಗೀರು ಬಿದ್ದ ದನಿ.

"ಕಮಲಮ್ಮಾ."

ಕಮಲಾಕ್ಷಮ್ಮ ಸುತ್ತಿಗೆ ಕೆಳಗಿಟ್ಟರು. ರೇಣುಕಪ್ರಸಾದನೇ, "ಹೇಳು ಬುಷ್ರಾ," ಎಂದ.

"ಸೌಂಡ್ ಕಮ್ಮಿ ಮಾಡ್ತೀರಾ?"

ರಿಮೋಟು ನಂದೀಶ್ವರಯ್ಯನ ಬಳಿ ಇತ್ತು. ಅವರು ಗುಂಡಿ ಒತ್ತಿ ಹಿಡಿದರು. ಎರಡೂ ಮನೆಯ ಪರದೆಗಳಲ್ಲಿ ಹಸಿರು ಗೆರೆಗಳು ಒಂದೊಂದೇ ಹಿಂದಕ್ಕೆ ಸರಿದು ಇಲ್ಲವಾದವು. ಲೋಹಿತಾ ಬಾಯಿ ತೆರೆದು ಸದ್ದಿಲ್ಲದೆ ಅಳತೊಡಗಿದಳು. ಅವಳ ಕಡೆ ಯಾರೂ ನೋಡಲಿಲ್ಲ.

"ನೆನ್ನೆ ಅವ್ಳ ಚಿಕ್ಕಿ ಹಲ್ಲಿಗೆ ಅಂಟ್ಕೋತಿತ್ತು ಅಂದ್ರಲ್ಲ," ಎಂದಳು ಬುಷ್ರಾ. "ಪಾಕ ಎಳೇದಾಗಿದೆ. ನೀರಿಗೆ ಒಂದು ಹನಿ ಬಿಟ್ಟು ನೋಡ್ಬೇಕಿತ್ತು. ಮುರಿದ್ರೆ ಟಪ್ ಅನ್ಬೇಕು."

"ಹೌದಾ?" ಎಂದರು ಕಮಲಾಕ್ಷಮ್ಮ. ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ತೂತಿನ ಹತ್ತಿರ ಬಾಗಿದರು. "ನಂಗದು ಗೊತ್ತಿಲ್ಲ ಕಣಮ್ಮ. ನೀನೇ ಹೇಳು. ಆಮೇಲೇನ್ ಮಾಡಿದ್ಲು?"

ಈಚೆ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

"ಅದನ್ನ ಮಕ್ಕಳಿಗೆ ಹಂಚ್ಬುಟ್ಲು," ಎಂದಳು ಬುಷ್ರಾ. "ಇನ್ನೊಂದು ಪಾಕ ಇಟ್ಲು."